ಬೆಲ್ಲನ ಮೂತಿಗೆ ಬಿಟ್ಟ ಬಿಳಿ

"ಇದು ನಮ್ಮ ಬೆಲ್ಲ ಅಲ್ಲ ಕಣಮ್ಮ."

ಹದಿನೈದು ದಿನ ಸಂಜೆ ಹೊತ್ತು ಕೂತು ಬರೆದ ನಮ್ಮ ನಾಯಿಯ ಚಿತ್ರವನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದೆ. ನಮ್ಮ ಯಜಮಾನರು ನೋಡಿ ಚೆನ್ನಾಗಿದೆ ಅಂದಿದ್ದರು. ಪಕ್ಕದ ಮನೆಯವರು ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡು ಹೋಗಿದ್ದರು. ಅತ್ತೆ ಮಾತ್ರ ಕನ್ನಡಕ ಹಾಕಿಕೊಂಡು ಹತ್ತಿರ ಬಂದು, ಒಂದು ನಿಮಿಷ ನೋಡಿ, ಹಾಗಂದುಬಿಟ್ಟರು. ಯಾಕತ್ತೆ ಅಂತ ಕೇಳಿದೆ. "ಇವನ ಕಿವಿ ಎಲ್ಲಿ? ಇದು ಯಾವುದೋ ನಾಯಿ ಕಿವಿ."

ಬೆಲ್ಲನ ಒಂದು ಕಿವಿಯ ತುದಿಯಲ್ಲಿ ಕಚ್ಚು ಇದೆ. ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ತಂದು ಬಿಡುವ ಪದ್ಧತಿ ಇದೆಯಲ್ಲ, ಆಗ ಅರಿವಳಿಕೆಯಲ್ಲಿರುವಾಗಲೇ ಕಿವಿಯ ಅಂಚನ್ನು ಚೂರು ಕತ್ತರಿಸುತ್ತಾರೆ. ಅದೇ ನಾಯಿಯನ್ನು ಇನ್ನೊಂದು ಸಲ ಹಿಡಿದು ಹಿಂಸೆ ಕೊಡದಿರಲಿ ಅಂತ ದೂರದಿಂದಲೇ ಕಾಣುವ ಗುರುತು ಅದು. ನಾನು ಅದನ್ನು ಬರೀ ಗಾಯ ಅಂದುಕೊಂಡಿದ್ದೆ. ಚಿತ್ರದಲ್ಲಾದರೂ ಇವನಿಗೆ ಪೂರ್ತಿ ಕಿವಿ ಇರಲಿ ಅಂತ ಪ್ರೀತಿಯಿಂದಲೇ ಮುಚ್ಚಿ ದುಂಡಗೆ ಮಾಡಿದ್ದೆ. ಹಾಗೆ ಮಾಡಿದ ಗಳಿಗೆಯಲ್ಲೇ ಅವನು ಬೆಲ್ಲ ಆಗಿರುವುದು ನಿಂತುಹೋಗಿತ್ತು. ಅದು 2018ರ ಮಾತು. ಆ ಚಿತ್ರ ಇನ್ನೂ ಬೀರುವಿನಲ್ಲಿದೆ. ಎಸೆದಿಲ್ಲ, ಗೋಡೆಗೂ ಹಾಕಿಲ್ಲ.

ಅವನು ನಮ್ಮ ಮನೆಗೆ ಬಂದಿದ್ದು 2016ರ ಆಷಾಢದಲ್ಲಿ. ಮೈಸೂರಿನಲ್ಲಿ ಆಷಾಢ ಶುಕ್ರವಾರ ಅಂದರೆ ಚಾಮುಂಡಿ ಬೆಟ್ಟಕ್ಕೆ ಹೊರಟ ಜನ, ಜಿಟಿಜಿಟಿ ಮಳೆ, ಗಾಳಿ. ಬೆಟ್ಟದಿಂದ ಇಳಿದು ಮನೆಗೆ ಬಂದು ಗೇಟು ತೆಗೆದರೆ ನಮ್ಮ ಸ್ಕೂಟರಿನ ಅಡಿ ಒದ್ದೆಮುದ್ದೆಯಾಗಿ ಒಂದು ನಾಯಿ ಮಲಗಿತ್ತು. ಒಂದು ವರ್ಷದ್ದಿರಬೇಕು. ಓಡಿಸಲು ಹೋದವರು ಅತ್ತೆಯೇ. ಒಳಗೆ ಹೋಗಿ ಮೊಸರನ್ನ ಕಲಸಿಕೊಂಡು ಬಂದವರೂ ಅವರೇ. ಮಾರನೆಯ ದಿನ ಬಿಸಿಲಿಗೆ ಮೈ ಒಣಗಿದಾಗ ಬಣ್ಣ ಕಂಡಿತು. ಅತ್ತೆಯ ತವರು ಮದ್ದೂರಿನ ಕಡೆ. ಆಲೆಮನೆಯ ವಾಸನೆಯಲ್ಲೇ ಬೆಳೆದವರು. "ಅಚ್ಚುಬೆಲ್ಲ ಇದ್ದಂಗಿದ್ದಾನೆ ನೋಡು" ಅಂದರು. ಹೆಸರು ಅಲ್ಲಿಗೆ ಮುಗಿಯಿತು.

ಚಿತ್ರ ಬರೆಯುವುದು ನನಗೆ ಹೈಸ್ಕೂಲಿನಲ್ಲಿ ಬಿಟ್ಟುಹೋದ ವಿದ್ಯೆ. ಬೆಲ್ಲ ಬಂದ ಮೇಲೆ ಅವನು ಮಲಗಿದ್ದು, ಕೂತಿದ್ದು ಪೆನ್ಸಿಲ್ಲಿನಲ್ಲಿ ಗೀಚತೊಡಗಿದೆ. ನಂತರ ನಮ್ಮ ಬಡಾವಣೆಯಲ್ಲೇ ಇದ್ದ ನಿವೃತ್ತ ಡ್ರಾಯಿಂಗ್ ಮೇಷ್ಟ್ರ ಹತ್ತಿರ ಭಾನುವಾರ ಭಾನುವಾರ ಹೋಗಿ ಜಲವರ್ಣ ಕಲಿತೆ. ಅವರು ಮೊದಲ ದಿನ ನನ್ನ ಕೈಯಲ್ಲಿದ್ದ ಪುಸ್ತಕದ ಹಾಳೆ ಮುಟ್ಟಿ ನೋಡಿ, "ಈ ಕಾಗದದ ಮೇಲೆ ಯಾರು ಬರೆದರೂ ಕೆಡುತ್ತಮ್ಮ, ನಿನ್ನ ತಪ್ಪಲ್ಲ" ಅಂದಿದ್ದರು. ನಿಜ. ತೆಳು ಹಾಳೆ ನೀರು ಕುಡಿದು ಹಪ್ಪಳದ ಹಾಗೆ ಉಬ್ಬುತ್ತದೆ, ಬಣ್ಣ ತಗ್ಗಿನಲ್ಲಿ ಹೋಗಿ ನಿಲ್ಲುತ್ತದೆ. 300 ಜಿಎಸ್‌ಎಂ ತೂಕದ (ಒಂದು ಚದರ ಮೀಟರಿಗೆ 300 ಗ್ರಾಂ), ಪೂರ್ತಿ ಹತ್ತಿಯಿಂದ ಮಾಡಿದ ಕೋಲ್ಡ್ ಪ್ರೆಸ್ ಕಾಗದ ಬೇಕು. ಅದರ ಮೈ ಸ್ವಲ್ಪ ತರಿತರಿ. 22 ಇಂಚಿಗೆ 30 ಇಂಚಿನ ದೊಡ್ಡ ಹಾಳೆ ಕೊಂಡು ನಾಲ್ಕು ಭಾಗ ಮಾಡಿಕೊಂಡರೆ ಒಂದೊಂದು ಭಾಗ ಒಂದು ಮುಖಕ್ಕೆ ಸಾಕು. ಬಣ್ಣದಲ್ಲಿ ಉಳಿಸಿ, ಬ್ರಷ್ಷಿನಲ್ಲಿ ಉಳಿಸಿ, ಕಾಗದದಲ್ಲಿ ಮಾತ್ರ ಉಳಿಸಬೇಡಿ ಅಂತ ನನ್ನ ಹತ್ತಿರ ಕೇಳಿದವರಿಗೆಲ್ಲ ನಾನೂ ಹೇಳುತ್ತೇನೆ.

ಮೇಷ್ಟ್ರು ಹೇಳಿದ ಇನ್ನೊಂದು ಮಾತು ಅರ್ಥವಾಗಲು ನನಗೆ ಎರಡು ವರ್ಷ ಹಿಡಿಯಿತು. "ಜಲವರ್ಣದಲ್ಲಿ ಬಿಳಿ ಬಣ್ಣ ಅನ್ನೋದಿಲ್ಲ. ಬಿಳಿ ಅಂದ್ರೆ ನೀನು ಮುಟ್ಟದೆ ಬಿಟ್ಟ ಕಾಗದ." ಎಣ್ಣೆ ಬಣ್ಣದವರು ಕಡೆಯಲ್ಲಿ ಒಂದು ಚುಕ್ಕೆ ಬಿಳಿ ಇಟ್ಟು ಮುಗಿಸುತ್ತಾರೆ. ನಾವು ಬಿಳಿ ಎಲ್ಲಿ ಅಂತ ಮೊದಲೇ ತೀರ್ಮಾನ ಮಾಡಿ, ಕೊನೆಯವರೆಗೂ ಅದನ್ನು ಕಾಯಬೇಕು. ಗೌಶ್ ಅನ್ನುವ, ಅಡಿಯದನ್ನು ಮುಚ್ಚಿಬಿಡುವ ದಪ್ಪ ಬಿಳಿ ಬಣ್ಣ ತಂದು ಮೇಲೆ ಹಚ್ಚುವವರೂ ಇದ್ದಾರೆ. ತಪ್ಪೇನಿಲ್ಲ. ಆದರೆ ಕಾಗದದ ಬಿಳುಪಿಗೆ ಒಳಗಿನಿಂದ ಬರುವ ಬೆಳಕಿದೆ, ಮೇಲೆ ಹಚ್ಚಿದ್ದು ಸುಣ್ಣದ ಹಾಗೆ ಕಾಣುತ್ತದೆ ಅನ್ನುವುದು ನನ್ನ ಕಣ್ಣಿನ ಲೆಕ್ಕ.

2019ರಲ್ಲಿ ಬೆಲ್ಲನಿಗೆ ಉಣ್ಣಿ ಜ್ವರ ಬಂತು. ಒಂದು ದಿನ ಊಟ ಬಿಟ್ಟ, ಮಾರನೆಯ ದಿನ ಗೇಟಿನ ಸದ್ದಿಗೂ ಏಳಲಿಲ್ಲ. ಉಣ್ಣಿ ಕಚ್ಚಿದಾಗ ರಕ್ತಕ್ಕೆ ಸೇರುವ ಸೂಕ್ಷ್ಮಜೀವಿಯಿಂದ ಬರುವ ಕಾಯಿಲೆ ಅದು, ಪ್ಲೇಟ್‌ಲೆಟ್ ಇಳಿದುಬಿಡುತ್ತದೆ. ಇವನದು 40 ಸಾವಿರಕ್ಕೆ ಬಂದಿತ್ತು. ಒಸಡು ಬಿಳಚಿಕೊಂಡಿತ್ತು. ಮೊದಲು ತೋರಿಸಿದ ಕಡೆ ಅಜೀರ್ಣ ಅಂತ ಹೇಳಿ ಕಳಿಸಿದ್ದರು, ಎರಡು ದಿನ ಹಾಳಾಯಿತು. ಎರಡನೆಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, 28 ದಿನ ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ಮಾತ್ರೆ ಕೊಟ್ಟರು. ಮಾತ್ರೆಯನ್ನು ರಾಗಿ ಮುದ್ದೆಯ ಒಳಗಿಟ್ಟು ನುಂಗಿಸುವುದು ಅತ್ತೆಯ ಕೆಲಸ, ಪಕ್ಕದಲ್ಲಿ ಕೂರುವುದು ನನ್ನದು. ನಾಯಿ ಸಾಕಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಊಟ ಬಿಟ್ಟ ನಾಯಿಗೆ ಜ್ವರವೂ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ ಅಂತ ನೀವೇ ಬಾಯಿಬಿಟ್ಟು ಕೇಳಿ. ಕಾಯಬೇಡಿ.

ಆ 28 ದಿನ ಅವನು ಅಲ್ಲಾಡದೆ ಮಲಗಿದ್ದ. ಭಯಕ್ಕೆ ನನ್ನ ಕೈ ಸುಮ್ಮನಿರಲಾರದೆ ಬರೆಯುತ್ತಲೇ ಇತ್ತು. ಅದೇ ಮುಖ, ಮತ್ತೆ ಮತ್ತೆ ಅದೇ ಮುಖ. ಕಿವಿಯ ಕಚ್ಚು ನೇರವಾಗಿಲ್ಲ, ಒಳಬದಿಗೆ ಚೂರು ಓರೆ ಇದೆ ಅಂತ ಕಂಡಿದ್ದು ಆಗ. ಬಲ ಹುಬ್ಬಿನ ಮೇಲಿನ ಮೀಸೆಗೂದಲು ಎರಡೇ ಎರಡು. ಮೂಗಿನ ಸೇತುವೆಯ ಮೇಲೆ ಕೂದಲು ಗಿಡ್ಡ, ಅಲ್ಲಿಂದ ಹಣೆಗೆ ಏರುತ್ತದೆ, ಕಣ್ಣಿನ ನಡುವೆ ಸುಳಿಯಂತೆ ಬಿರಿದು ಎರಡೂ ಕೆನ್ನೆಗೆ ಇಳಿಯುತ್ತದೆ. ಮೂರು ವರ್ಷ ದಿನಾ ಸವರಿದ ತಲೆ ಅದು. ನನ್ನ ಅಂಗೈಗೆ ಗೊತ್ತಿತ್ತು, ಕಣ್ಣಿಗೆ ಗೊತ್ತಿರಲಿಲ್ಲ. ಮೂರನೆಯ ವಾರ ಗೇಟಿನ ಹತ್ತಿರ ಹಾಲಿನವನ ಗಾಡಿ ನಿಂತಾಗ ಬಾಲ ಒಂದು ಸಲ ನೆಲಕ್ಕೆ ಬಡಿಯಿತು. ಆ ದಿನದ ಹಾಳೆಯಲ್ಲಿ ಪೆನ್ಸಿಲ್ ಗೆರೆ ಅರ್ಧಕ್ಕೇ ನಿಂತಿದೆ.

ಅವನು ಎದ್ದು ಓಡಾಡಿದ ಮೇಲೆ ಬರೆದಿದ್ದೇ ನಾನು ಒಪ್ಪುವ ಮೊದಲ ಚಿತ್ರ. ಆಗ ಹಿಡಿದ ಕ್ರಮವೇ ಇವತ್ತಿಗೂ ನಡೆಯುತ್ತಿದೆ.

ಫೋಟೋ ತೆಗೆಯಲು ನಾನು ನೆಲದ ಮೇಲೆ ಕೂರುತ್ತೇನೆ. ನಿಂತು ತೆಗೆದರೆ ತಲೆ ದೊಡ್ಡದಾಗಿ ಕಾಲು ಸಣ್ಣದಾಗುತ್ತದೆ. ಮೊಬೈಲನ್ನು ಮುಖದ ಹತ್ತಿರಕ್ಕೆ ಒಯ್ದರೆ ಮೂಗು ಬದನೆಕಾಯಿಯಷ್ಟು ಊದಿ ಕಿವಿ ಹಿಂದಕ್ಕೆ ಸರಿಯುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದು ಜೂಮ್ ಮಾಡಬೇಕು. ಫ್ಲ್ಯಾಶ್ ಬೇಡವೇ ಬೇಡ. ನಾಯಿಯ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಿರುಗಿಸುವ ಪೊರೆ ಇದೆ, ಕತ್ತಲಲ್ಲಿ ಕಾಣಲೆಂದು. ಫ್ಲ್ಯಾಶ್ ಬಿದ್ದರೆ ಕಣ್ಣು ಹಸಿರು ಗೋಲಿಯಾಗಿ, ಒಳಗಿನ ನೋಟವೆಲ್ಲ ಹೋಗಿಬಿಡುತ್ತದೆ. ಬೆಳಿಗ್ಗೆ ಒಂಬತ್ತು ಗಂಟೆಗೆ ನಮ್ಮ ನಡುಮನೆಯ ಕಿಟಕಿಯಿಂದ ಬರುವ ಬೆಳಕು ಸಾಕು.

ಪೆನ್ಸಿಲ್ ಗೆರೆ ತೆಳುವಾಗಿ. ಆಮೇಲೆ ಬಣ್ಣಕ್ಕೆ ಕೈ ಹಾಕುವ ಮೊದಲು ಬಿಳಿ ಉಳಿಯಬೇಕಾದ ಜಾಗಗಳನ್ನು ಗುರುತು ಮಾಡಿಕೊಳ್ಳುತ್ತೇನೆ. ಮೀಸೆಯಂಥ ಸಣ್ಣ ಗೆರೆಗೆ ಮಾಸ್ಕಿಂಗ್ ಫ್ಲೂಯಿಡ್ ಹಚ್ಚುತ್ತೇನೆ. ಅದು ರಬ್ಬರಿನ ಹಾಲು, ಒಣಗಿದ ಮೇಲೆ ಬೆರಳಿನಲ್ಲಿ ಉಜ್ಜಿದರೆ ಎದ್ದು ಬರುತ್ತದೆ, ಅಡಿಯಲ್ಲಿ ಕಾಗದ ಹಾಗೇ ಇರುತ್ತದೆ. ಬೆಲ್ಲನ ಬಣ್ಣಕ್ಕೆ ಯೆಲ್ಲೋ ಓಕರ್ ಅನ್ನುವ ಹಳದಿ ಮಣ್ಣಿನ ಬಣ್ಣ ಮತ್ತು ಬರ್ನ್ಟ್ ಸಿಯೆನ್ನಾ. ಬರ್ನ್ಟ್ ಸಿಯೆನ್ನಾ ಅಂದರೆ ನಾವು ರಂಗೋಲಿಗೆ ಅಂಚು ಕಟ್ಟುವ ಕೆಮ್ಮಣ್ಣಿನ ಜಾತಿ. ಕಬ್ಬಿಣದ ಅಂಶ ಇರುವ ಮಣ್ಣನ್ನು ಸುಟ್ಟಾಗ ಬರುವ ಕೆಂಪು. ಅದಕ್ಕೆ ಅಲ್ಟ್ರಾಮರೀನ್ ನೀಲಿ ಸೇರಿಸುತ್ತಾ ಹೋದರೆ ಕಂದು, ಬೂದು, ಆಮೇಲೆ ಕಪ್ಪಿಗೆ ಹತ್ತಿರ ಹತ್ತಿರ. ಕಪ್ಪು ಟ್ಯೂಬನ್ನು ನಾನು ಕೊಳ್ಳುವುದು ಬಿಟ್ಟು ವರ್ಷಗಳಾದವು.

ಒಂದು ಪದರ ಒಣಗದೆ ಇನ್ನೊಂದು ಇಡಬಾರದು. ಹಸಿಯ ಮೇಲೆ ನೀರು ಬಿದ್ದರೆ ಹೂಕೋಸಿನ ಅಂಚಿನಂತೆ ಕಲೆ ಅರಳುತ್ತದೆ. ಮಾರ್ಚಿನಲ್ಲಿ ಬ್ರಷ್ ಅದ್ದಿ ತರುವಷ್ಟರಲ್ಲಿ ಒಣಗಿರುತ್ತದೆ, ಜುಲೈನಲ್ಲಿ ಅರ್ಧ ಗಂಟೆ ಕಾದರೂ ಇಲ್ಲ. ನೋಡಿದರೆ ಒಣಗಿದಂತೆ ಕಾಣುತ್ತದೆ, ಹಿಂಗೈ ಇಟ್ಟರೆ ತಣ್ಣಗಿರುತ್ತದೆ. ತಣ್ಣಗಿದ್ದರೆ ಒಳಗೆ ನೀರಿದೆ.

ಕಣ್ಣಿಗೆ ನಾನು ಒಂದು ಇಡೀ ಸಂಜೆ ಕೊಡುತ್ತೇನೆ. ಮೊದಲು ಗುಡ್ಡೆ ಪೂರ್ತಿ ನೀರಾದ ಓಕರ್, ಜೇನಿನ ಬಣ್ಣ. ಅದು ಒಣಗಿದ ಮೇಲೆ ಮೇಲರ್ಧಕ್ಕೆ ಸಿಯೆನ್ನಾ, ಯಾಕೆಂದರೆ ರೆಪ್ಪೆಯ ನೆರಳು ಅಲ್ಲಿ ಬೀಳುತ್ತದೆ. ಕೆಳಗಿನ ಅರ್ಧ ತಿಳಿಯಾಗಿಯೇ ಇರಬೇಕು, ಅಲ್ಲೇ ಬೆಳಕು ಒಳಹೊಕ್ಕು ನಿಲ್ಲುವುದು. ನಂತರ ಪಾಪೆ. ಆಮೇಲೆ ರೆಪ್ಪೆಯ ಅಂಚು, ಹುಟ್ಟಿನಿಂದಲೇ ಕಾಡಿಗೆ ತೀಡಿದ ಹಾಗಿರುವ ಅಂಚು. ಎಲ್ಲಕ್ಕಿಂತ ಮೊದಲು ಬಿಟ್ಟು, ಎಲ್ಲ ಮುಗಿಯುವವರೆಗೂ ಕಾದಿರುವ ಹೊಳಪಿನ ಚುಕ್ಕೆ ಒಂದಿದೆ. ಅದು ದುಂಡಗಿಲ್ಲ. ಹತ್ತಿರದಿಂದ ನೋಡಿದರೆ ಚೌಕ, ಅದರಲ್ಲಿ ಅಡ್ಡಕ್ಕೆ ಎರಡು ಗೆರೆ. ನಮ್ಮ ಕಿಟಕಿಯ ಸರಳು ಅದು. ಜರ್ಮನಿಯ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1502ರಲ್ಲಿ ಜಲವರ್ಣದಲ್ಲಿ ಬರೆದ ಮೊಲದ ಚಿತ್ರ ವಿಯೆನ್ನಾದಲ್ಲಿದೆ. ಅದರ ಮುದ್ರಣ ಒಂದನ್ನು ಮೇಷ್ಟ್ರು ಭೂತಗನ್ನಡಿ ಇಟ್ಟು ತೋರಿಸಿದ್ದರು. ಆ ಮೊಲದ ಕಣ್ಣಿನಲ್ಲೂ ಒಂದು ಕಿಟಕಿ ಇದೆ. ಐನೂರು ವರ್ಷದ ಹಿಂದೆ ಆ ಮೊಲ ಯಾವುದೋ ಕೋಣೆಯೊಳಗೆ ಇತ್ತು ಅಂತ ಆ ಚೂರು ಬಿಳಿ ಹೇಳುತ್ತದೆ. ಅವತ್ತಿನಿಂದ ನಾನು ಕಣ್ಣಿನ ಹೊಳಪನ್ನು ಅಂದಾಜಿನಲ್ಲಿ ಇಟ್ಟಿಲ್ಲ. ಬೆಲ್ಲನ ಕಣ್ಣಿನಲ್ಲಿ ನಮ್ಮ ಮನೆ ಇರಬೇಕು.

ಗೊತ್ತಿದ್ದವರು ತಮ್ಮ ತಮ್ಮ ನಾಯಿ ಬೆಕ್ಕುಗಳ ಚಿತ್ರ ಬರೆದುಕೊಡಿ ಅಂತ ಕೇಳತೊಡಗಿದರು. ಎಲ್ಲದರ ಕಥೆ ಬೇಡ. ಒಂದು ಮಾತ್ರ ಹೇಳಬೇಕು.

ನಮ್ಮ ರಸ್ತೆಯ ಕೊನೆಯಲ್ಲಿ ಒಬ್ಬರು ನಿವೃತ್ತ ಟೀಚರಮ್ಮ ಇದ್ದಾರೆ, ಒಂಟಿ. ಹದಿಮೂರು ವರ್ಷ ಸಾಕಿದ ಕರಿನಾಯಿ ಹೋಗಿ ತಿಂಗಳಾಗಿತ್ತು. ಹಳೆ ಫೋನಿನಲ್ಲಿ ಮೂರೇ ಫೋಟೋ. ಒಂದರಲ್ಲಿ ಹಸಿರು ಕಣ್ಣು, ಒಂದರಲ್ಲಿ ಬರೀ ಬೆನ್ನು, ಒಂದರಲ್ಲಿ ಕತ್ತಲಿನ ಜೊತೆ ಕಲೆತುಹೋದ ಕರಿ ಮುಖ. ಕರಿನಾಯಿ ಬರೆಯುವಾಗ ನಿಜಕ್ಕೂ ಬರೆಯುವುದು ಕಪ್ಪನ್ನಲ್ಲ, ಅದರ ಮೇಲೆ ಬಿದ್ದ ಬೆಳಕನ್ನು. ಹಣೆಯ ಮೇಲೆ ಆಕಾಶದ ನೀಲಿ, ಕೆನ್ನೆಯಡಿ ನೆಲದ ಕೆಂಪು. ನಾಲ್ಕು ಪದರ ಕಟ್ಟಿ, ಅಲ್ಟ್ರಾಮರೀನ್ ಕಾಗದದ ತರಿಗಳಲ್ಲಿ ಇಳಿದು ಕೂತು, ತುಪ್ಪಳ ತಾನಾಗಿ ಕಂಡಿತ್ತು. ಮುಕ್ಕಾಲು ಮುಗಿದಾಗ ತೋರಿಸಲು ಕರೆದೆ.

ಟೀಚರಮ್ಮ ತುಂಬಾ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ಇಲ್ಲಿ ಎದೆ ಮೇಲೆ ಅವನಿಗೊಂದು ಬಿಳಿ ಮಚ್ಚೆ ಇತ್ತಮ್ಮ. ಅಕ್ಕಿಕಾಳಷ್ಟು. ಫೋಟೋದಲ್ಲಿ ಬಂದಿಲ್ಲ, ಬಿಡು" ಅಂದರು. ಬಿಡು ಅಂದವರ ಬೆರಳು ಆ ಜಾಗ ಬಿಟ್ಟು ಏಳಲಿಲ್ಲ.

ಅಲ್ಲಿ ಆಗಲೇ ನಾಲ್ಕು ಪದರ ಬಣ್ಣ ಕೂತಿತ್ತು. ಒದ್ದೆ ಬ್ರಷ್ಷಿನಲ್ಲಿ ಉಜ್ಜಿ, ಟಿಶ್ಯೂ ಒತ್ತಿ ಎತ್ತಿದೆ. ಬೂದಿ ಬಣ್ಣದ ಕಲೆ ಉಳಿಯಿತು, ಬಿಳಿ ಬರಲಿಲ್ಲ. ಇನ್ನಷ್ಟು ಉಜ್ಜಿದೆ, ಕಾಗದದ ನಾರು ಎದ್ದಿತು. ರಾತ್ರಿ ಆ ಹಾಳೆಯನ್ನು ಪಕ್ಕಕ್ಕಿಟ್ಟು, ಹೊಸ ಹಾಳೆಯ ಮೇಲೆ ಮೊದಲು ಅಕ್ಕಿಕಾಳಿನಷ್ಟು ಜಾಗಕ್ಕೆ ಮಾಸ್ಕಿಂಗ್ ಫ್ಲೂಯಿಡ್ ಇಟ್ಟು, ಅಲ್ಲಿಂದ ಶುರು ಮಾಡಿದೆ. ಹನ್ನೊಂದು ದಿನ ಹಿಡಿಯಿತು. ಕೊಡುವ ದಿನ ಅವರ ಎದುರಿಗೇ ಆ ರಬ್ಬರನ್ನು ಬೆರಳಿನಿಂದ ಉಜ್ಜಿ ಎತ್ತಿದೆ. ಕರಿಯ ನಡುವೆ ಬಿಳಿ ತೆರೆಯಿತು. "ಬಂದ" ಅಂದರು ಟೀಚರಮ್ಮ. ಬೇರೆ ಏನೂ ಅನ್ನಲಿಲ್ಲ.

ಅದಾದ ಮೇಲೆ ಯಾರು ಬಂದರೂ ಫೋಟೋಗಿಂತ ಮೊದಲು ನಾನು ಕೇಳುವುದು ಒಂದೇ. ಇವನಿಗೆ ಬಿಳಿ ಎಲ್ಲೆಲ್ಲಿದೆ, ಗಾಯದ ಗುರುತು ಎಲ್ಲಿದೆ, ಮುಟ್ಟಿದರೆ ನಿಮ್ಮ ಕೈ ಎಲ್ಲಿ ನಿಲ್ಲುತ್ತದೆ? ಜನ ಆ ಪ್ರಶ್ನೆಗೆ ಗಂಟೆಗಟ್ಟಲೆ ಉತ್ತರ ಹೇಳುತ್ತಾರೆ.

ಸತ್ತ ನಾಯಿಗೆ ಇಷ್ಟೆಲ್ಲ ಯಾಕೆ ಅಂತ ನಮ್ಮ ನೆಂಟರಲ್ಲೇ ಕೆಲವರು ಕೇಳಿದ್ದಾರೆ. ಅವರಿಗೆ ನಾನು ಆತಕೂರಿನ ಕಲ್ಲಿನ ವಿಷಯ ಹೇಳುತ್ತೇನೆ. ಆತಕೂರು ಅತ್ತೆಯ ಮದ್ದೂರು ತಾಲ್ಲೂಕಿನದೇ ಊರು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣ ಮತ್ತು ಗಂಗರ ಇಮ್ಮಡಿ ಬೂತುಗ ಸೇರಿ ಚೋಳರನ್ನು ಸೋಲಿಸಿದರು. ಆ ಯುದ್ಧದಲ್ಲಿ ಹೋರಾಡಿದ ಮಣಲೆರ ಎಂಬ ವೀರನಿಗೆ, ಮೆಚ್ಚಿದ್ದೇನೆ, ಏನು ಬೇಕೋ ಕೇಳು ಅಂತ ಅರಸ ಅಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿ, ಹಂದಿಯೂ ಸತ್ತು, ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೆ ಏರ್ಪಾಡು ಮಾಡಿದರು. ಕಾಲ ಕ್ರಿಸ್ತಶಕ 949-50. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಅತ್ತೆಯನ್ನು ಕರೆದುಕೊಂಡು ಹೋಗಿ ತೋರಿಸಿದ್ದೆ. ಅಕ್ಷರಗಳ ಜೊತೆಗೆ ನಾಯಿ ಮತ್ತು ಹಂದಿ ಎದುರುಬದುರು ಕಾದಾಡುವ ಕೆತ್ತನೆ ಇದೆ. ಅತ್ತೆ ಶಾಸನದ ಕಡೆ ತಿರುಗಲಿಲ್ಲ. ಕಾಳಿಯನ್ನೇ ನೋಡುತ್ತಾ ನಿಂತಿದ್ದರು. ಸಾವಿರ ವರ್ಷದ ಹಿಂದೆ ನಮ್ಮ ಕಡೆಯ ಶಿಲ್ಪಿಯೊಬ್ಬ ಒಂದು ನಾಯಿಗಾಗಿ ಉಳಿ ಹಿಡಿದು ಕೂತಿದ್ದ. ನಾನು ಬ್ರಷ್ ಹಿಡಿದಿದ್ದೇನೆ, ಅಷ್ಟೇ.

ಬ್ರಷ್ ಅಂದಾಗ ನೆನಪಾಯಿತು. ಒಂದು ಅಂಗಡಿಯಲ್ಲಿ ಮುಂಗುಸಿ ಕೂದಲಿನ ಬ್ರಷ್ ತೆಗೆದು ತೋರಿಸಿ, ತುದಿ ಚೆನ್ನಾಗಿ ನಿಲ್ಲುತ್ತೆ ಮೇಡಂ ಅಂದಿದ್ದರು. ಮುಂಗುಸಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ. ಅದರ ಕೂದಲಿನ ಬ್ರಷ್ ಮಾರುವುದೂ ಅಪರಾಧ. ಬ್ರಷ್ಷಿಗಾಗಿ ಅವನ್ನು ಬಲೆ ಹಾಕಿ ಕೊಲ್ಲುತ್ತಾರೆ. ನಮ್ಮ ಹಿತ್ತಲಿನ ಕಾಂಪೌಂಡಿನ ಮೇಲೆ ದಿನಾ ಬೆಳಿಗ್ಗೆ ಒಂದು ಮುಂಗುಸಿ ಹಾದುಹೋಗುತ್ತದೆ, ಬೆಲ್ಲ ಬೊಗಳದೆ ಬಾಗಿಲಲ್ಲಿ ಕೂತು ಅದನ್ನೇ ನೋಡುತ್ತಾನೆ. ಪ್ರಾಣಿಯ ಚಿತ್ರವನ್ನು ಇನ್ನೊಂದು ಪ್ರಾಣಿಯ ಜೀವ ತೆಗೆದು ಬರೆಯಲಾರೆ ಅಂತ ಹೇಳಿ ಸಿಂಥೆಟಿಕ್ ತಂದೆ. ಹತ್ತನೆಯ ನಂಬರಿನದು ಒಂದು, ನಾಲ್ಕನೆಯದು ಒಂದು. ಸಾಕಾಗಿದೆ.

ತಪ್ಪು ಮಾಡಿಯೇ ಕಲಿತದ್ದು ಇನ್ನೂ ಎರಡಿವೆ. 2020ರ ಚಿತ್ರದಲ್ಲಿ ಬೆಲ್ಲ ನಾಲಿಗೆ ಚಾಚಿ ನಗುತ್ತಿದ್ದ. ನಾಲಿಗೆಗೆ ಅಲಿಜರಿನ್ ಕ್ರಿಮ್ಸನ್ ಅನ್ನುವ ಕೆಂಪು ಹಾಕಿದ್ದೆ. ಪಡುವಣ ಕಿಟಕಿಯ ಎದುರು ನೇತುಹಾಕಿದ ಆ ಚಿತ್ರದಲ್ಲಿ ಈಗ ನಾಲಿಗೆ ಬಿಳಚಿ, ಕಾಯಿಲೆಯವನ ಹಾಗಿದೆ. ಆ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಈಗ ಕ್ವಿನಾಕ್ರಿಡೋನ್ ರೋಸ್ ಬಳಸುತ್ತೇನೆ. ಇನ್ನೊಂದು, ನಾನು ಫೋನಿಗೆ ಎದ್ದು ಹೋದಾಗ ಅವನು ಬ್ರಷ್ ತೊಳೆದ ನೀರು ಕುಡಿದುಬಿಟ್ಟಿದ್ದ. ಕ್ಯಾಡ್ಮಿಯಂ, ಕೋಬಾಲ್ಟ್ ಇರುವ ಬಣ್ಣಗಳು ಹೊಟ್ಟೆಗೆ ಹೋಗಬಾರದವು. ಆ ದಿನ ನೀರಿನಲ್ಲಿದ್ದುದು ಮಣ್ಣಿನ ಬಣ್ಣ ಮಾತ್ರ, ಡಾಕ್ಟರಿಗೆ ಫೋನ್ ಮಾಡಿ ರಾತ್ರಿಯೆಲ್ಲ ಕಾದೆ, ಏನೂ ಆಗಲಿಲ್ಲ. ಈಗ ಮುಚ್ಚಳ ತಿರುಗಿಸುವ ಬಾಟಲಿ.

ಪ್ರತಿ ವರ್ಷ ಆಷಾಢದಲ್ಲಿ, ಅವನು ಬಂದ ವಾರದಲ್ಲಿ, ಒಂದು ಚಿತ್ರ ಬರೆಯುತ್ತೇನೆ. ಈ ಸಲದ್ದಕ್ಕೆ ಹಳೆಯದನ್ನೆಲ್ಲ ತೆಗೆದು ನೆಲದ ಮೇಲೆ ಸಾಲಾಗಿ ಹಾಸಿದೆ. 2019ರದರಲ್ಲಿ ಮೂತಿ ಪೂರ್ತಿ ಬೆಲ್ಲದ ಬಣ್ಣ, ಮೂಗಿನವರೆಗೂ. 2021ರಲ್ಲಿ ಗದ್ದದಡಿ ಒಂದು ಬೆರಳಿನಗಲ ಕಾಗದ ಬಿಟ್ಟಿದ್ದೇನೆ. 2023ರಲ್ಲಿ ತುಟಿಯ ಅಂಚು ದಾಟಿ ಕೆನ್ನೆಗೆ ಬಂದಿದೆ. ಕಳೆದ ವರ್ಷ ಕಣ್ಣಿನ ಸುತ್ತ. ಬರೆಯುವಾಗ ಒಂದೊಂದು ವರ್ಷವೂ ನನಗೆ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ ಅನ್ನಿಸಿತ್ತು. ಸಾಲಾಗಿ ನೋಡಿದಾಗ ಹೊಟ್ಟೆಯಲ್ಲಿ ಏನೋ ಕಿವುಚಿತು. ವರ್ಷ ವರ್ಷ ನಾನು ಬಣ್ಣ ಹಚ್ಚುವ ಜಾಗ ಕಡಿಮೆಯಾಗುತ್ತಿದೆ.

ಮೂತಿಗೆ ಒಂದು ತೆಳು ಸಿಯೆನ್ನಾ ಎಳೆದುಬಿಡಲೇ ಅಂತ ಬ್ರಷ್ ಅದ್ದಿಯೂ ಆಗಿತ್ತು. ಒಂದು ಪದರ, ನಾಲ್ಕು ವರ್ಷ ಹಿಂದಕ್ಕೆ ಹೋಗುತ್ತಾನೆ. ಬಾಗಿಲ ಹತ್ತಿರ ಮಲಗಿದ್ದವನು ತಲೆ ಎತ್ತಿ ನನ್ನ ಕಡೆ ನೋಡಿದ. ಕಿವಿ ನಿಮಿರಿತು, ಓರೆ ಕಚ್ಚಿನ ಹಿಂದೆ ಮಳೆಯ ಬೆಳಕು ಕಂಡಿತು. ಬ್ರಷ್ಷನ್ನು ಬಾಟಲಿಗೆ ಅದ್ದಿ ತೊಳೆದೆ, ಮುಚ್ಚಳ ಹಾಕಿದೆ.

ಅತ್ತೆಗೆ ಈಗ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಕನ್ನಡಕ ಬೇಡ. ಅಡುಗೆಮನೆಯಿಂದ ಬಟ್ಟಲು ಹಿಡಿದು ಬಂದವರು ನನ್ನ ಹಿಂದೆ ನಿಂತರು.

"ಕಿವಿ ಸರಿ ಇದೆ," ಅಂದರು. ಆಮೇಲೆ, "ಮೂತಿ ಹತ್ರ ಇನ್ನೂ ಬಣ್ಣ ಹಾಕಿಲ್ವಲ್ಲಮ್ಮ?"

"ಅಲ್ಲಿ ಇನ್ನೇನೂ ಇಲ್ಲ ಅತ್ತೆ. ಅಷ್ಟೇ."

ಅವರು ಚಿತ್ರ ನೋಡಿದರು, ಬಾಗಿಲ ಕಡೆ ನೋಡಿದರು. "ಬಾರೋ ಬೆಲ್ಲ," ಅಂತ ಮೊಸರನ್ನದ ಬಟ್ಟಲನ್ನು ನೆಲಕ್ಕಿಟ್ಟರು.